ಸೊಂಟ, ಮಂಡಿ, ಭುಜ: ಫಿಜಿಯೋಥೆರಪಿಗೆ ಎಷ್ಟು ಬೇಗ ಹೋಗಬೇಕು?

ನಮ್ಮ ಊರುಗಳಲ್ಲಿ ಸೊಂಟನೋವಿಗೂ ಮಂಡಿನೋವಿಗೂ ಒಂದು ಸಿದ್ಧ ಸರದಿಯಿದೆ. ಮೊದಲು ಮನೆಯಲ್ಲಿರುವ ಎಣ್ಣೆ ಮತ್ತು ಬಿಸಿನೀರಿನ ಶಾಖ. ಅದಕ್ಕೆ ಬಗ್ಗದಿದ್ದರೆ ಮೆಡಿಕಲ್ ಶಾಪಿನವರು ಕೊಡುವ ಮಾತ್ರೆ. ಅದೂ ಸಾಲದಿದ್ದರೆ ಪೇಟೆಯ ಡಾಕ್ಟರ ಇಂಜೆಕ್ಷನ್. ಅದರ ಹಿಂದೆಯೇ ಎಕ್ಸ್‌ರೇ, ಎಂಆರ್‌ಐ, ಸೊಂಟಕ್ಕೆ ಬೆಲ್ಟು, ಬೆಡ್ ರೆಸ್ಟು. ಇಷ್ಟೆಲ್ಲ ಮುಗಿದು, ಕೈಯಲ್ಲಿದ್ದ ಹಣವೂ ತಾಳ್ಮೆಯೂ ಖರ್ಚಾಗಿ, ಇನ್ನು ಆಪರೇಷನ್ನೇ ಗತಿ ಎನ್ನುವ ಹಂತದಲ್ಲಿ ಯಾರಾದರೂ "ಫಿಜಿಯೋಥೆರಪಿ ಒಂದು ಮಾಡಿಸಿ ನೋಡಿ" ಎನ್ನುತ್ತಾರೆ. ಅಷ್ಟು ಹೊತ್ತಿಗೆ ನೋಯುವ ಕಾಲಿನ ತೊಡೆ ಬಡವಾಗಿರುತ್ತದೆ, ಬಗ್ಗಿದರೆ ಏನೋ ಮುರಿದೀತೆಂಬ ಭಯ ಬೇರೂರಿರುತ್ತದೆ, ಮತ್ತು ಮಾತ್ರೆಯ ಪಟ್ಟಿ ಉದ್ದವಾಗಿರುತ್ತದೆ. ಈ ಸರದಿಯನ್ನು ತಿರುಗಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ "ಬೇಗ ಹೋಗಿ" ಎಂಬ ಸಲಹೆಯನ್ನು ಜಾಹೀರಾತಿನಂತೆ ಎಲ್ಲ ನೋವಿಗೂ ಒಂದೇ ಅಳತೆಯಲ್ಲಿ ಹಂಚುವುದೂ ಸರಿಯಲ್ಲ. ಸೊಂಟದಲ್ಲಿ "ಬೇಗ" ಎಂಬುದರ ಲೆಕ್ಕವೇ ಬೇರೆ, ಮಂಡಿಯಲ್ಲಿ ಬೇರೆ, ಭುಜದಲ್ಲಿ ಬೇರೆ.

ಫಿಜಿಯೋಥೆರಪಿ ನಮ್ಮಲ್ಲಿ ಕೊನೆಯ ಸಾಲಿಗೆ ಬಿದ್ದುದಕ್ಕೆ ಕಾರಣವಿಲ್ಲದಿಲ್ಲ. ಬಹಳ ಮನೆಗಳು ಅದನ್ನು ಮೊದಲು ಕಂಡದ್ದು ಪೋಲಿಯೋ ಆದ ಮಗುವಿಗೆ, ಲಕ್ವ ಹೊಡೆದ ಅಜ್ಜನಿಗೆ, ಇಲ್ಲವೇ ಅಪಘಾತದ ಪ್ಲಾಸ್ಟರ್ ಬಿಚ್ಚಿದ ಮೇಲೆ ಮಡಚಲು ಬಾರದ ಮೊಣಕೈಗೆ. ದೊಡ್ಡ ಅನಾಹುತ ನಡೆದ ನಂತರ ಉಳಿದುದನ್ನು ಉಳಿಸಿಕೊಳ್ಳುವ ಚಿಕಿತ್ಸೆ ಅದು ಎಂಬ ಭಾವನೆ ಹಾಗೆ ಬಂತು. ಇನ್ನೂ ಓಡಾಡಿಕೊಂಡಿರುವ ಮನುಷ್ಯ, ಮೆಟ್ಟಿಲಿಳಿಯುವಾಗ ಮಂಡಿ ಚುಳ್ಳೆನ್ನುತ್ತದೆ ಎಂಬಷ್ಟಕ್ಕೇ ಫಿಜಿಯೋಥೆರಪಿಸ್ಟರ ಬಳಿ ಹೋಗುವುದು ಅತಿಯಾಯಿತು ಎಂದು ಇಂದಿಗೂ ಅನಿಸುತ್ತದೆ.

ಮೊದಲು ಸೊಂಟದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ವೇಳೆಗೆ ಅದು 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ. ಇಷ್ಟು ಸಾಮಾನ್ಯವಾದ ಈ ನೋವಿನ ಸ್ವಭಾವವೇ ವಿಚಿತ್ರ. ಏನನ್ನೋ ಎತ್ತಲು ಹೋದಾಗ ಸೊಂಟ ಹಿಡಿದುಕೊಂಡು, ಎದ್ದು ನಿಲ್ಲಲಾಗದಂತೆ ಮಾಡಿ, ಜೀವವೇ ಹೋಯಿತೆನ್ನಿಸುವ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಬಹುಮಟ್ಟಿಗೆ ಇಳಿಯುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಷ್ಟು ಕಾಲ ಉಳಿದುಬಂದಿರುವುದರ ಗುಟ್ಟು ಇದೇ ಇರಬೇಕು. ಒದೆಸಿಕೊಂಡವರಿಗೂ ವಾಸಿಯಾಗುತ್ತದೆ, ಒದೆಸಿಕೊಳ್ಳದವರಿಗೂ ವಾಸಿಯಾಗುತ್ತದೆ. ಒದ್ದವರಿಗೆ ಮಾತ್ರ ಕೀರ್ತಿ ಬರುತ್ತದೆ. ಮಾತ್ರೆ, ಮುಲಾಮು, ಮಸಾಜು ಇವುಗಳಿಗೂ ಈ ಕೀರ್ತಿಯಲ್ಲಿ ಪಾಲು ಸಿಗುತ್ತದೆ, ಫಿಜಿಯೋಥೆರಪಿಗೂ ಸಿಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಅಮೆರಿಕದ ಯೂಟಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಾರಣಕ್ಕಾಗಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಹೊಸದಾಗಿ ಸೊಂಟನೋವು ಶುರುವಾದ 220 ಜನರಲ್ಲಿ ಅರ್ಧದಷ್ಟು ಮಂದಿಗೆ ತಕ್ಷಣವೇ ಫಿಜಿಯೋಥೆರಪಿ ಕೊಟ್ಟು, ಉಳಿದವರಿಗೆ ಧೈರ್ಯ ಮತ್ತು ತಿಳಿವಳಿಕೆಯನ್ನಷ್ಟೇ ಹೇಳಿ ಕಾಯಲು ಬಿಟ್ಟರು. ಮೂರು ತಿಂಗಳಿಗೆ ಫಿಜಿಯೋಥೆರಪಿ ಪಡೆದವರು ಸ್ವಲ್ಪ ಮುಂದಿದ್ದರು. ಆ "ಸ್ವಲ್ಪ" ನಿಜವಾಗಿಯೂ ಸಣ್ಣದು. ಒಂದು ವರ್ಷದ ಹೊತ್ತಿಗೆ ಎರಡು ಗುಂಪಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನೋವಿನಲ್ಲಿ, ಅಂದರೆ ಸಯಾಟಿಕಾದಲ್ಲಿ, ಬೇಗ ಶುರುಮಾಡಿದ ಚಿಕಿತ್ಸೆ ಇದಕ್ಕಿಂತ ಸ್ಪಷ್ಟವಾದ ಲಾಭ ಕೊಟ್ಟಿತೆಂದೂ, ಅದು ವರ್ಷದ ತನಕ ಉಳಿಯಿತೆಂದೂ 2021ರ ಇನ್ನೊಂದು ಅಧ್ಯಯನ ಹೇಳುತ್ತದೆ. ಹಾಗಾಗಿ ಕಾಲಿಗೆ ಇಳಿಯದ ಬರಿಯ ಸೊಂಟನೋವಾದರೆ, ಹಿಡಿದುಕೊಂಡ ಮರುದಿನವೇ ಥೆರಪಿಸ್ಟರ ಬಳಿ ಓಡದಿದ್ದರೆ ಕೆಟ್ಟೆವು ಎಂದೇನೂ ಇಲ್ಲ.

ಹಾಗಾದರೆ ಬೇಗ ಹೋಗುವುದೇಕೆ? ಆ ಮೊದಲ ವಾರಗಳಲ್ಲಿ ನಾವು ಹಿಡಿಯಬಹುದಾದ ಬೇರೆ ದಾರಿಗಳು ಕೆಟ್ಟವಾಗಿರುವುದರಿಂದ. ಅವುಗಳಲ್ಲಿ ಮೊದಲನೆಯದು ಹಾಸಿಗೆ. ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎರಡು ದಿನದ ಬೆಡ್ ರೆಸ್ಟು, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಬಿಟ್ಟಷ್ಟು ಮಾಮೂಲಿ ಓಡಾಟ ಎಂದು ಹಂಚಿಕೊಟ್ಟ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಎಲ್ಲರಿಗಿಂತ ಚೆನ್ನಾಗಿ ಚೇತರಿಸಿಕೊಂಡವರು ಮಾಮೂಲಿ ಓಡಾಟದವರು. ಎಲ್ಲರಿಗಿಂತ ನಿಧಾನವಾದವರು ಮಲಗಿದವರು. ಅಲ್ಲಿ ಕೊಟ್ಟದ್ದು ಎರಡೇ ದಿನದ ವಿಶ್ರಾಂತಿ. ನಮ್ಮಲ್ಲಿ ತಿಂಗಳುಗಟ್ಟಲೆ ಹಲಗೆಯ ಮೇಲೆ ಮಲಗಿದವರನ್ನು ನಾನು ಬಲ್ಲೆ. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗಿ, ಎದ್ದಾಗ ನೋವು ಹೆಚ್ಚಿ, ಅದೇ ಮತ್ತೆ ಮಲಗುವುದಕ್ಕೆ ಕಾರಣವಾಗುತ್ತಿತ್ತು.

ಎರಡನೆಯದು ಸ್ಕ್ಯಾನು. ಎಂಆರ್‌ಐ ವರದಿಯಲ್ಲಿ "ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ", "ಡಿಸ್ಕ್ ಜಾರಿದೆ", "ನರ ಒತ್ತಿದೆ" ಎಂದು ಓದಿದ ಮನುಷ್ಯನ ನಡಿಗೆಯೇ ಆ ದಿನದಿಂದ ಬದಲಾಗಿಬಿಡುತ್ತದೆ. ಬಕೆಟ್ ಎತ್ತಲು, ಮೊಮ್ಮಗುವನ್ನು ಎತ್ತಿಕೊಳ್ಳಲು, ಬಸ್ಸಿನಲ್ಲಿ ಕೂರಲು ಹೆದರಿಕೆ ಶುರುವಾಗುತ್ತದೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟುಮಾಡಿ ನೋಡಿದ 2015ರ ವಿಶ್ಲೇಷಣೆಯೊಂದರಲ್ಲಿ ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರ ವಯಸ್ಸಿನವರಲ್ಲಿ ಶೇ. 84 ಮಂದಿಗೆ. ಡಿಸ್ಕ್ ಸವೆದ ಲಕ್ಷಣಗಳು ಇಪ್ಪತ್ತರಲ್ಲಿ ಶೇ. 37, ಎಂಬತ್ತರಲ್ಲಿ ಶೇ. 96. ಇವರಾರಿಗೂ ನೋವಿರಲಿಲ್ಲ. ತಲೆ ನರೆಯುವುದು ಎಷ್ಟು ಸಹಜವೋ ಇವುಗಳಲ್ಲಿ ಹೆಚ್ಚಿನವೂ ಅಷ್ಟೇ ಸಹಜ ಎಂದು ವರದಿಯ ಕೆಳಗೆ ಒಂದು ಸಾಲು ಅಚ್ಚಾಗಿದ್ದರೆ ಎಷ್ಟೋ ಜನ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ನಿಜವಾಗಿಯೂ ಜಾರಿ ನರವನ್ನು ಒತ್ತಿದ ಡಿಸ್ಕಿನ ತುಣುಕು ಸಹ ಬಹಳಷ್ಟು ಜನರಲ್ಲಿ ತಿಂಗಳುಗಳ ಅವಧಿಯಲ್ಲಿ ಕುಗ್ಗುತ್ತದೆ, ದೇಹವೇ ಅದನ್ನು ಹೀರಿಕೊಳ್ಳುತ್ತದೆ. ನೆದರ್ಲೆಂಡ್ಸಿನಲ್ಲಿ ತೀವ್ರ ಸಯಾಟಿಕಾದ 283 ರೋಗಿಗಳ ಮೇಲೆ ನಡೆದ 2007ರ ಅಧ್ಯಯನದಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ಕಾಲಿನ ನೋವು ಬೇಗ ಇಳಿಯಿತು, ಅದು ನಿಜವಾದ ಲಾಭವೇ. ಆದರೆ ವರ್ಷ ತುಂಬುವಾಗ ಕಾದವರೂ ಕೊಯ್ಸಿಕೊಂಡವರೂ ಒಂದೇ ಮಟ್ಟದಲ್ಲಿದ್ದರು. ಕಾಯುವ ಗುಂಪಿನಲ್ಲಿ ಶೇ. 39 ಮಂದಿ ತಾಳಲಾರದೆ ಕೊನೆಗೆ ಆಪರೇಷನ್ನಿಗೆ ಹೋದರು ಎಂಬುದನ್ನೂ ಜೊತೆಗೇ ಹೇಳಬೇಕು.

ಹೀಗಾಗಿ ಮೊದಲ ವಾರಗಳಲ್ಲಿ ಒಳ್ಳೆಯ ಫಿಜಿಯೋಥೆರಪಿಸ್ಟ್ ಕೊಡುವ ದೊಡ್ಡ ಚಿಕಿತ್ಸೆಯೆಂದರೆ ಮುಟ್ಟಿ ನೋಡುವುದು, ಬಗ್ಗಿಸಿ ನಿಲ್ಲಿಸಿ ನೋಡುವುದು, ಕಾಲಿನ ಶಕ್ತಿಯನ್ನೂ ಸ್ಪರ್ಶವನ್ನೂ ಪರೀಕ್ಷಿಸುವುದು, ಆಮೇಲೆ "ಇದು ಅಪಾಯದ ನೋವಲ್ಲ, ಹೀಗೆ ಹೀಗೆ ಓಡಾಡಿ" ಎಂದು ಅಧಿಕಾರದಿಂದ ಹೇಳುವುದು. ಇದಕ್ಕೆ ಅರ್ಧ ಗಂಟೆ ಬೇಕು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಡಾಕ್ಟರ ಬಳಿ ಆ ಅರ್ಧ ಗಂಟೆ ಇರುವುದಿಲ್ಲ. ಸ್ಕ್ಯಾನಿಗೆ ಬರೆದುಕೊಡುವುದು ಎರಡು ನಿಮಿಷದ ಕೆಲಸ.

ಅಪಾಯದ ನೋವು ಎಂಬುದೂ ಇದೆ, ಅದನ್ನು ಮರೆಯಿಸುವ ಯಾವ ಸಲಹೆಯೂ ಒಳ್ಳೆಯದಲ್ಲ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿ ಮತ್ತು ಆಸನದ ಭಾಗ ಮರಗಟ್ಟುವುದು, ಕಾಲಿನ ಬಲ ದಿನದಿನಕ್ಕೆ ಕುಂದುವುದು ಕಂಡರೆ ವ್ಯಾಯಾಮವನ್ನು ಕುರಿತು ಯೋಚಿಸದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಂಟೆಗಳ ವಿಳಂಬವೂ ದುಬಾರಿಯಾಗುತ್ತದೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು, ಹಿಂದೆ ಕ್ಯಾನ್ಸರ್ ಬಂದಿರುವುದು, ಬಿದ್ದ ಮೇಲೆ ಶುರುವಾದ ನೋವು, ದೀರ್ಘಕಾಲ ಸ್ಟಿರಾಯ್ಡ್ ತಿಂದವರ ನೋವು ಇವಕ್ಕೂ ಡಾಕ್ಟರೇ ಬೇಕು. ನಮ್ಮ ದೇಶದ ಮಟ್ಟಿಗೆ ಇದಕ್ಕೆ ಇನ್ನೊಂದು ಹೆಸರನ್ನು ಸೇರಿಸಬೇಕು: ಬೆನ್ನುಮೂಳೆಯ ಕ್ಷಯ. ಪರದೇಶದ ಸಲಹಾಪಟ್ಟಿಗಳಲ್ಲಿ ಅದು ಮೂಲೆಯ ಮಾತು. ಇಲ್ಲಿ ವಾರಗಟ್ಟಲೆ ಬಿಡದ ಬೆನ್ನುನೋವಿನ ಜೊತೆ ಸಂಜೆಯ ಜ್ವರವಿದ್ದರೆ ಮೊದಲು ನೆನಪಾಗಬೇಕಾದ ಮಾತು.

ಇನ್ನು ಮಂಡಿ. "ಬೇಗ" ಎಂಬ ಮಾತಿಗೆ ಪೂರ್ತಿ ತೂಕ ಬರುವುದು ಇಲ್ಲಿ. ಸೊಂಟದಂತೆ ಇದು ವಾರಗಳಲ್ಲಿ ಬಂದು ಹೋಗುವ ನೋವಲ್ಲ. ವರ್ಷಗಳ ಮೇಲೆ ಬೆಳೆಯುವ ಸಂಧಿವಾತ. "ಮಂಡಿ ಸವೆದಿದೆ" ಎಂದು ಕೇಳಿದ ಕೂಡಲೇ ನಮ್ಮ ಜನ ಅದನ್ನು ಟೈರಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ: ಉಳಿದಷ್ಟನ್ನು ಉಳಿಸಬೇಕಾದರೆ ಓಡಾಟ ಕಡಿಮೆ ಮಾಡಬೇಕು. ತರ್ಕ ಸರಿಯಾಗಿಯೇ ಕಾಣುತ್ತದೆ, ಆದರೆ ಮಂಡಿ ಜೀವವಿರುವ ಅಂಗ. ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಸಂಧಿಯೊಳಗಿನ ದ್ರವದಿಂದ, ಮತ್ತು ಆ ದ್ರವ ಒಳಹೊರಗೆ ಹರಿಯುವುದು ಕಾಲು ಮಡಚಿ ಬಿಚ್ಚಿ ಭಾರ ಹೊತ್ತಾಗ. ಓಡಾಟ ನಿಲ್ಲಿಸಿದರೆ ಮೃದ್ವಸ್ಥಿಯ ಪೋಷಣೆಯೂ ಕುಂದುತ್ತದೆ, ಮಂಡಿಯ ಭಾರವನ್ನು ಹಂಚಿಕೊಳ್ಳುವ ತೊಡೆಯ ಮುಂಭಾಗದ ಸ್ನಾಯುಗಳೂ ಸೊರಗುತ್ತವೆ. ಸ್ನಾಯು ಸೊರಗಿದ ಮೇಲೆ ಅದೇ ಮಂಡಿಗೆ ಅದೇ ಮೆಟ್ಟಿಲು ಹೆಚ್ಚು ನೋವು ಕೊಡುತ್ತದೆ.

ನನ್ನ ತಾಯಿಗೆ ನೋವು ಕಾಣಿಸಿದ್ದು ಮೊದಲು ಮೆಟ್ಟಿಲು ಇಳಿಯುವಾಗ, ಆಮೇಲೆ ಅಡಿಕೆ ಸುಲಿದು ಏಳುವಾಗ. ಮಲೆನಾಡಿನ ಕೊಯ್ಲಿನ ದಿನಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಸುಲಿದಷ್ಟಕ್ಕೆ ಕೂಲಿ, ಆದ್ದರಿಂದ ಏಳುವ ಮನಸ್ಸು ಯಾರಿಗೂ ಇರುವುದಿಲ್ಲ. ಸ್ವಂತ ಮನೆಯ ಅಡಿಕೆಯಾದರೂ ರೂಢಿ ಅದೇ. ಎಕ್ಸ್‌ರೇಗೂ ಮುಂಚೆ ಅವರನ್ನು ಫಿಜಿಯೋಥೆರಪಿಸ್ಟರ ಬಳಿ ಕರೆದುಕೊಂಡು ಹೋಗೋಣವೆಂದಾಗ ಮನೆಯಲ್ಲಿ ಬಂದ ಆಕ್ಷೇಪಣೆ ನ್ಯಾಯವಾದದ್ದೇ ಆಗಿತ್ತು: ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವಳಿಗೆ ಇನ್ನೇನು ವ್ಯಾಯಾಮ? ಅದಕ್ಕೆ ಉತ್ತರ ಸಿಕ್ಕಿದ್ದು ಅಲ್ಲಿದ್ದ ಒಂದು ಸಾದಾ ಕುರ್ಚಿಯಲ್ಲಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಏಳಿ ಎಂದರು. ದಿನವಿಡೀ ಓಡಾಡುವ ನನ್ನ ತಾಯಿಗೆ ಕೈ ಊರದೆ ಏಳಲಾಗಲಿಲ್ಲ. ವರ್ಷಗಳಿಂದ ನೆಲ, ಗೋಡೆ, ಮಂಡಿ ಹಿಡಿದುಕೊಂಡು ಏಳುತ್ತಿದ್ದುದರಿಂದ ತೊಡೆಗೆ ಕೆಲಸವೇ ಬಿದ್ದಿರಲಿಲ್ಲ. ದುಡಿಮೆ ಮೈಯನ್ನೆಲ್ಲ ದಣಿಸುತ್ತದೆ. ಸೊರಗಿದ ಒಂದು ಸ್ನಾಯುವನ್ನು ಹುಡುಕಿ ಅದಕ್ಕೇ ಭಾರ ಹಾಕುವುದಿಲ್ಲ, ಬದಲಿಗೆ ಅದನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಕೆಲಸ ಮುಗಿಸಿಕೊಳ್ಳುತ್ತದೆ.

ಅವರಿಗೆ ಕೊಟ್ಟ ವ್ಯಾಯಾಮಗಳು ನೋಡುವುದಕ್ಕೆ ಏನೂ ಅಲ್ಲ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದು, ಮಲಗಿ ಕಾಲನ್ನು ನೇರವಾಗಿ ಎತ್ತುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ದಿನಗಳೆದಂತೆ ಕುರ್ಚಿಯನ್ನು ತಗ್ಗಿಸುತ್ತ ಹೋಗುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಅಡಿಕೆ ಸುಲಿಯುವಾಗ ಕೂರುವ ಮಣೆಯನ್ನು ಎತ್ತರಿಸಿ, ಆಗಾಗ ಎದ್ದು ನಿಲ್ಲಬೇಕೆಂದರು. ವ್ಯಾಯಾಮದಲ್ಲಿ ನೋವಾದರೆ ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ನನಗೆ ಹೊಸದು: ಹತ್ತರಲ್ಲಿ ಐದರವರೆಗಿನ ನೋವು ಪರವಾಗಿಲ್ಲ, 24 ಗಂಟೆಯೊಳಗೆ ಅದು ಹಿಂದಿನ ಮಟ್ಟಕ್ಕೆ ಇಳಿದರೆ ಸಾಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ "ಗ್ಲ್ಯಾಡ್" ಎಂಬ ಕಾರ್ಯಕ್ರಮದಲ್ಲಿ ಮಂಡಿ ಮತ್ತು ಸೊಂಟಕೀಲಿನ ರೋಗಿಗಳಿಗೆ ಇದೇ ನಿಯಮವನ್ನು ಕಲಿಸುತ್ತಾರೆಂದು ಆಮೇಲೆ ಓದಿದೆ. ಅಲ್ಲಿ ಎರಡು ತಿಳಿವಳಿಕೆಯ ಪಾಠ, ಆರು ವಾರಗಳಲ್ಲಿ ಹನ್ನೆರಡು ವ್ಯಾಯಾಮದ ತರಗತಿ. ತಾಯಿಯ ನೋವು ಪೂರ್ತಿ ಹೋಗಲಿಲ್ಲ. ಕುಕ್ಕುರುಗಾಲಿನಲ್ಲಿ ಕೂರುವುದನ್ನು ಅವರು ಬಿಟ್ಟಿದ್ದಾರೆ. ತೋಟದ ಇಳಿಜಾರನ್ನು ಮಾತ್ರ ಬಿಟ್ಟಿಲ್ಲ, ಮತ್ತು ನೋವಿನ ಮಾತ್ರೆಯ ಪಟ್ಟಿ ಅವರ ಔಷಧಿಯ ಡಬ್ಬಿಯಲ್ಲಿ ಈಗ ಅಪರೂಪ. ಬಿಪಿ, ಸಕ್ಕರೆ ಕಾಯಿಲೆ ಇರುವ ವಯಸ್ಸಾದವರಿಗೆ ಆ ಮಾತ್ರೆಗಳು ಮೂತ್ರಪಿಂಡಕ್ಕೂ ಜಠರಕ್ಕೂ ಮಾಡುವ ಹಾನಿಯನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಮಂಡಿಯ ವಿಷಯದಲ್ಲಿ ಸಾಕ್ಷ್ಯ ಸೊಂಟದಷ್ಟು ಅಳುಕುತ್ತಿಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯರು ಸಂಧಿವಾತದ 180 ರೋಗಿಗಳಲ್ಲಿ ಕೆಲವರಿಗೆ ಸಣ್ಣ ರಂಧ್ರದಿಂದ ಒಳಗಿಳಿಸುವ ದುರ್ಬೀನಿನ ಮೂಲಕ ಮಂಡಿಯನ್ನು ತೊಳೆದು ಸವರುವ ಆಪರೇಷನ್ ಮಾಡಿದರು, ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು; ಯಾರಿಗೆ ಏನಾಗಿದೆ ಎಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡು ವರ್ಷ ಕಳೆದರೂ ನಿಜವಾದ ಆಪರೇಷನ್ನು ಸುಳ್ಳು ಆಪರೇಷನ್ನಿಗಿಂತ ಮೇಲಾಗಲಿಲ್ಲ. ಈ ವರದಿ 2002ರದು. 2013ರಲ್ಲಿ, ಸಂಧಿವಾತದ ಜೊತೆಗೆ ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ, ಹರಿದ 351 ಜನರ ಅಧ್ಯಯನದಲ್ಲಿ, ಆಪರೇಷನ್ ಮತ್ತು ಫಿಜಿಯೋಥೆರಪಿ ಆರು ತಿಂಗಳಿಗೆ ಸಮಸಮ ನಿಂತವು, ಫಿಜಿಯೋಥೆರಪಿಯಿಂದ ಶುರುಮಾಡಿದವರಲ್ಲಿ ಶೇ. 30 ಮಂದಿ ನಡುವೆ ಆಪರೇಷನ್ನಿಗೆ ಹೋದರೂ. 2020ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ಮಂಡಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನನ್ನೂ ಫಿಜಿಯೋಥೆರಪಿಯನ್ನೂ ಹೋಲಿಸಿದಾಗ ವರ್ಷದ ಕೊನೆಗೆ ಫಿಜಿಯೋಥೆರಪಿ ಸ್ಪಷ್ಟವಾಗಿ ಮುಂದಿತ್ತು. ತೂಕದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ: ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಇದರರ್ಥ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಬೇಡವೆಂದಲ್ಲ. ಸಂಧಿ ಪೂರ್ತಿ ಕೆಟ್ಟು, ರಾತ್ರಿಯ ನಿದ್ದೆ ಹೋಗಿ, ಬಚ್ಚಲಮನೆಯವರೆಗೆ ನಡೆಯುವುದೂ ಕಷ್ಟವಾದವರಿಗೆ ಅದು ಹೊಸ ಬದುಕು ಕೊಡುವ ಚಿಕಿತ್ಸೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ದರಕ್ಕೆ ಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಾದರಿಯನ್ನು ₹54,720ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸವೇ. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ, ಪೂಜೆ, ಅಡುಗೆ ಎಂದು ಬದುಕಿದವರಿಗೆ ಕೃತಕ ಮಂಡಿ ಸಾಮಾನ್ಯವಾಗಿ ಆ ನೆಲವನ್ನು ಹಿಂದಿರುಗಿಸುವುದಿಲ್ಲ, ಮತ್ತು ಅದಕ್ಕೂ ಒಂದು ಆಯುಷ್ಯವಿದೆ. ಐವತ್ತೈದರಲ್ಲಿ ಹಾಕಿಸಿಕೊಳ್ಳುವುದನ್ನು ಅರವತ್ತೈದಕ್ಕೆ ಮುಂದೂಡಿದರೆ ಅದು ದೊಡ್ಡ ಗಳಿಕೆ. ಹಾಕಿಸಿಕೊಳ್ಳಲೇಬೇಕಾಗಿ ಬಂದರೂ ಬಲವಾದ ತೊಡೆಯೊಂದಿಗೆ ಆಪರೇಷನ್ ಟೇಬಲ್ಲಿಗೆ ಹೋದವರಿಗೆ ಮತ್ತೆ ನಡೆಯುವುದು ಸುಲಭ.

ಭುಜದ ಬಗ್ಗೆ ಚಿಕ್ಕದಾಗಿ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಹೆಪ್ಪುಗಟ್ಟುವುದು, ಅಂದರೆ ಬಿಗಿದುಕೊಂಡು ಅಲುಗಾಡದಂತಾಗುವುದು, ಉಳಿದವರಿಗಿಂತ ಹೆಚ್ಚು, ಮತ್ತು ನಮ್ಮ ನಾಡಿನಲ್ಲಿ ಸಕ್ಕರೆ ಕಾಯಿಲೆಗೆ ಬರವಿಲ್ಲ. ಕುಪ್ಪಸದ ಹಿಂದಿನ ಗುಂಡಿಗೆ, ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋಗದಾದಾಗಲೇ ತೋರಿಸಿಕೊಂಡರೆ ಉಳಿದ ಚಲನೆಯನ್ನು ಕಾಪಾಡಿಕೊಳ್ಳಬಹುದು. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆಗಿನ ಕ್ರಮಬದ್ಧ ಫಿಜಿಯೋಥೆರಪಿ, ಅರಿವಳಿಕೆ ಕೊಟ್ಟು ಭುಜ ತಿರುಗಿಸುವುದು, ದುರ್ಬೀನಿನ ಶಸ್ತ್ರಚಿಕಿತ್ಸೆ ಇವು ಮೂರರಲ್ಲಿ ರೋಗಿಗೆ ಮುಖ್ಯವೆನಿಸುವಷ್ಟು ಮೇಲೆ ಯಾವುದೂ ನಿಲ್ಲಲಿಲ್ಲ. ಹಾಗಿದ್ದ ಮೇಲೆ ಕತ್ತರಿ ಹಿಡಿಯದ ದಾರಿಯಿಂದ ಶುರುಮಾಡುವುದೇ ಜಾಣತನ.

ಇಷ್ಟೆಲ್ಲ ಗೊತ್ತಿದ್ದೂ ಸರದಿ ಏಕೆ ತಿರುಗುವುದಿಲ್ಲ ಎಂದು ಯೋಚಿಸಿದರೆ ಕೊನೆಗೆ ಹಣದ ಬಾಗಿಲಿಗೇ ಬಂದು ನಿಲ್ಲುತ್ತೇವೆ. ನಮ್ಮ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುತ್ತವೆ. ಮಂಡಿ ಬದಲಿಸಿಕೊಂಡರೆ ವಿಮೆ ಲಕ್ಷಗಳನ್ನು ಕಟ್ಟುತ್ತದೆ. ಅದನ್ನು ತಪ್ಪಿಸಬಹುದಾಗಿದ್ದ ವ್ಯಾಯಾಮದ ತರಗತಿಗೆ ನಾವು ಪ್ರತಿ ಸಲವೂ ಜೇಬಿನಿಂದ ನೂರಾರು ರೂಪಾಯಿ ಎಣಿಸಬೇಕು, ಜೊತೆಗೆ ಆ ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಸೇರಿಸಿಕೊಳ್ಳಬೇಕು. ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ವಾರಕ್ಕೆ ಮೂರು ಸಲ ಬನ್ನಿ ಎನ್ನುವ ಚಿಕಿತ್ಸೆ ಕಾಗದದ ಮೇಲೆ ಮಾತ್ರ ಅಗ್ಗ. ಆದ್ದರಿಂದ ಮನೆಯಲ್ಲೇ ಮಾಡಬಹುದಾದ ವ್ಯಾಯಾಮವನ್ನು ಒಂದೆರಡು ಭೇಟಿಗಳಲ್ಲಿ ಸರಿಯಾಗಿ ಕಲಿಸಿ, ಕೆಲವು ವಾರಗಳಿಗೊಮ್ಮೆ ನೋಡಿ ಭಾರ ಹೆಚ್ಚಿಸುವವರೇ ನಮ್ಮಂಥವರಿಗೆ ಒಳ್ಳೆಯ ಥೆರಪಿಸ್ಟರು.

ಎಲ್ಲ ಕ್ಲಿನಿಕ್ಕುಗಳೂ ಹಾಗಿಲ್ಲ ಎಂಬುದೇ ಈ ವಾದದ ದುರ್ಬಲ ಕೊಂಡಿ. ಹಲವೆಡೆ ಫಿಜಿಯೋಥೆರಪಿ ಎಂದರೆ ಸಾಲಾಗಿ ಮಂಚಗಳು, ಪ್ರತಿ ಮಂಚಕ್ಕೂ ಒಂದು ಯಂತ್ರ. ಹದಿನೈದು ನಿಮಿಷ "ಕರೆಂಟು", ಹತ್ತು ನಿಮಿಷ ಅಲ್ಟ್ರಾಸೌಂಡು, ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್ನು, ಹೊರಡುವಾಗ ಒಂದು ಬೆಲ್ಟು. ರೋಗಿಗಳಿಗೂ ಇದೇ ಇಷ್ಟ. ಯಂತ್ರ ಹಚ್ಚಿಸಿಕೊಂಡು ಮಲಗಿದರೆ ಚಿಕಿತ್ಸೆ ಸಿಕ್ಕಿತು ಅನಿಸುತ್ತದೆ, ಕುರ್ಚಿಯಿಂದ ಏಳಿ ಎಂದರೆ ಇದಕ್ಕೇಕೆ ದುಡ್ಡು ಅನಿಸುತ್ತದೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಶಿಫಾರಸು ಮಾಡುತ್ತದೆ; ಟ್ರ್ಯಾಕ್ಷನ್ನನ್ನೂ ಸೊಂಟದ ಬೆಲ್ಟನ್ನೂ ರೂಢಿಯಾಗಿ ಕೊಡಬೇಡಿ ಎನ್ನುತ್ತದೆ. ಹೀಗಾಗಿ ಮೊದಲ ಭೇಟಿಯಲ್ಲೇ ನೋಡಬೇಕಾದುದಿದೆ: ನಿಮ್ಮ ಕೆಲಸವೇನು, ಏನು ಮಾಡುವಾಗ ನೋಯುತ್ತದೆ, ಯಾವ ಕೆಲಸಕ್ಕೆ ಮರಳಬೇಕೆಂದಿದ್ದೀರಿ ಎಂದು ಅವರು ಕೇಳಿದರೇ, ಕೈಯಿಂದ ಪರೀಕ್ಷಿಸಿದರೇ, ಮನೆಗೆ ಹೋಗುವಾಗ ನೀವೇ ಮಾಡಬೇಕಾದ ಒಂದೆರಡು ವ್ಯಾಯಾಮಗಳನ್ನು ಮಾಡಿಸಿ ನೋಡಿ ಕಳಿಸಿದರೇ? ಇವು ಯಾವುವೂ ಆಗದೆ, ಬಂದ ಕೂಡಲೇ ಮಂಚ ಹತ್ತಿಸಿ ಹತ್ತು ದಿನದ ಪ್ಯಾಕೇಜಿಗೆ ಮುಂಗಡ ಕೇಳಿದರೆ, ಅಲ್ಲಿಗೆ ಎರಡನೆಯ ಸಲ ಹೋಗುವ ಅಗತ್ಯವಿಲ್ಲ; ಇನ್ನೊಬ್ಬರನ್ನು ಹುಡುಕಿ.